ಫೀನಿಕ್ಸ್‌ನ ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಟ್ಟುಕೊಳ್ಳುವುದು: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಇಂಟೆಲ್‌ನ ಕೆಲಸಕ್ಕೆಂದು ಅಮೆರಿಕದ ಅರಿಜೋನಾದ ಚಾಂಡ್ಲರ್‌ಗೆ, ಓದಿಗೆಂದು ಟೆಂಪಿಗೆ, ಹೊಸ ಚಿಪ್ ಕಾರ್ಖಾನೆಗಳ ಕೆಲಸಕ್ಕೆಂದು ಫೀನಿಕ್ಸ್‌ನ ಉತ್ತರ ಭಾಗಕ್ಕೆ ಬರುವ ನಮ್ಮವರಲ್ಲಿ ಅನೇಕರು ಬೆಂಗಳೂರು, ಮೈಸೂರಿನ ಹವೆಗೆ ಒಗ್ಗಿದವರು. ಫೆಬ್ರವರಿ, ಮಾರ್ಚ್‌ನಲ್ಲಿ ಬಂದಿಳಿದವರಿಗೆ ಈ ಊರು ಹಿತವಾಗಿಯೇ ಕಾಣುತ್ತದೆ. ಜೂನ್ ಬಂದ ಮೇಲೆ ಮಾತು ಬೇರೆ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಗರಿಷ್ಠ ತಾಪಮಾನವು 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್, ಅಥವಾ ಅದಕ್ಕಿಂತ ಹೆಚ್ಚಿತ್ತು. ಅದೇ ಜುಲೈನಲ್ಲಿ ಸತತ 16 ದಿನ ಕನಿಷ್ಠ ತಾಪಮಾನವೇ 90 ಡಿಗ್ರಿಗಿಂತ (ಮುಂದಿನ ಡಿಗ್ರಿಗಳೆಲ್ಲವೂ ಫ್ಯಾರನ್‌ಹೀಟ್‌ನಲ್ಲೇ) ಕೆಳಗಿಳಿಯಲಿಲ್ಲ. ಮರುವರ್ಷ 100 ಡಿಗ್ರಿ ಮುಟ್ಟಿದ ದಿನಗಳು ನಡುವೆ ಬಿಡುವಿಲ್ಲದೆ 113 ಆದವು. ಕಲಬುರಗಿ, ರಾಯಚೂರಿನ ಕಡೆಯವರು ‘ಬಿಸಿಲು ನಮಗೇನು ಹೊಸದೇ?’ ಎಂದು ಕೇಳುವುದುಂಟು. ಹಗಲಿನ ಮಟ್ಟಿಗೆ ಆ ಮಾತು ಸರಿಯೇ. ಆದರೆ ಅಲ್ಲಿ ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡರೆ ನಿದ್ದೆ ಬರುತ್ತದೆ, ಜೂನ್ ಮಳೆ ಬಂತೆಂದರೆ ಬೇಸಿಗೆ ಮುಗಿಯುತ್ತದೆ. ಇಲ್ಲಿ ರಾತ್ರಿಯೂ ಬಿಡುವಿಲ್ಲ, ಸೆಪ್ಟೆಂಬರ್ ಕಳೆಯುವವರೆಗೂ ಮುಗಿಯುವುದಿಲ್ಲ. ಆದ್ದರಿಂದ ಊರಿನಿಂದ ತಂದ ಅಭ್ಯಾಸಗಳಲ್ಲಿ ಕೆಲವನ್ನು ಇಲ್ಲಿ ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ.

ಕಿಟಕಿ, ಪರದೆ ಮತ್ತು ಪಡುವಣ ಗೋಡೆ

ಸೆಕೆ ಎನಿಸಿದೊಡನೆ ಕಿಟಕಿ ತೆರೆಯುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿ ಅದನ್ನು ಮರೆಯುವುದು ಒಳ್ಳೆಯದು. ಹೊರಗಿನ ಗಾಳಿ ಒಳಗಿನದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಿರುವಾಗ ತೆರೆದ ಕಿಟಕಿಯಿಂದ ಬರುವುದು ತಂಗಾಳಿಯಲ್ಲ. ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್ ನಡುವಿನ ಮೇಲೆ ಬೆಳಗಿನ ಜಾವ ಧಾರಾಳವಾಗಿ ತೆರೆಯಬಹುದು. ಉಳಿದ ದಿನಗಳಲ್ಲಿ ಬಾಗಿಲಿನ ಕೆಳಗಿನ ಸಂದಿಗೂ ರಬ್ಬರ್ ಪಟ್ಟಿ ಹಾಕಿಸಬೇಕು. ರಾತ್ರಿ ದೀಪ ಆರಿಸಿ, ಹೊರಗಿನ ಬೀದಿದೀಪದ ಬೆಳಕು ಬಾಗಿಲ ಕೆಳಗೆ ಕಾಣುತ್ತದೆಯೇ ಎಂದು ನೋಡಿ. ಬೆಳಕು ಬರುವಲ್ಲಿ ಬಿಸಿಯೂ ಧೂಳೂ ಬರುತ್ತವೆ.

ಬಿಸಿಲು ಗಾಜಿನ ಒಳಗೆ ಬಂದ ಮೇಲೆ ಪರದೆ ಎಳೆಯುವುದಕ್ಕಿಂತ ಗಾಜನ್ನು ತಲುಪುವ ಮುನ್ನವೇ ತಡೆಯುವುದು ಹೆಚ್ಚು ಫಲಕಾರಿ. ಸ್ವಂತ ಮನೆಯವರು ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ಸನ್ ಸ್ಕ್ರೀನ್ ಹಾಕಿಸುತ್ತಾರೆ. ಒತ್ತಾದ ನೇಯ್ಗೆಯ ಈ ಬಲೆಗಳು ಬಿಸಿಲಿನ 80ರಿಂದ 90 ಶೇಕಡಾ ಭಾಗವನ್ನು ಹೊರಗೇ ನಿಲ್ಲಿಸುತ್ತವೆ ಎಂದು ಗುರುತಿಸಿ ಮಾರಲಾಗುತ್ತದೆ. ದಕ್ಷಿಣದ ಕಿಟಕಿ ಇಷ್ಟು ಕಾಡುವುದಿಲ್ಲ, ಏಕೆಂದರೆ ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಹತ್ತಿರವಿದ್ದು ಸೂರಿನ ನೆರಳೇ ಸಾಕಾಗುತ್ತದೆ. ಬಡಾವಣೆಯ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇದ್ದಲ್ಲಿ ಬಣ್ಣಕ್ಕೆ ಮುಂಚೆಯೇ ಒಪ್ಪಿಗೆ ಪಡೆಯಬೇಕು. ಬಾಡಿಗೆಯವರು ಹೊರಗೆ ಏನನ್ನೂ ಹಾಕುವಂತಿಲ್ಲದಿದ್ದರೆ ಒಳಗೆ ಬಿಳಿ ಬೆನ್ನಿನ ದಪ್ಪ ಪರದೆಯನ್ನು ಗೋಡೆಗೆ ತಾಗುವಂತೆ ಇಳಿಬಿಟ್ಟು, ಬೆಳಿಗ್ಗೆ ಪೂರ್ವದ್ದನ್ನು, ಮಧ್ಯಾಹ್ನ ಪಶ್ಚಿಮದ್ದನ್ನು ಮುಚ್ಚಿಕೊಳ್ಳಬೇಕು. ಅಲ್ಯೂಮಿನಿಯಂ ಹಾಳೆ ಅಂಟಿಸುವುದನ್ನು ಹಲವು ಅಪಾರ್ಟ್‌ಮೆಂಟ್‌ಗಳ ಕರಾರುಪತ್ರ ನಿಷೇಧಿಸುತ್ತದೆ.

ಮನೆ ಹುಡುಕುವಾಗ ವಾಸ್ತು ನೋಡುವವರು ಪಡುವಣ ಗೋಡೆಯನ್ನೂ ನೋಡಲಿ ಎಂಬುದು ನಮ್ಮ ಸಲಹೆ. ಮಧ್ಯಾಹ್ನವಿಡೀ ಬಿಸಿಲು ಕುಡಿದ ಗೋಡೆ ಮಲಗುವ ಹೊತ್ತಿಗೆ ಅದನ್ನು ಒಳಗೆ ಬಿಡುತ್ತದೆ. ಅಂಥ ಕೋಣೆಯಲ್ಲಿ ಮಂಚದ ತಲೆಭಾಗವನ್ನು ಆ ಗೋಡೆಯಿಂದ ದೂರವಿಟ್ಟು, ಬಟ್ಟೆಯ ಬೀರುವನ್ನು ಅಲ್ಲಿಗೆ ಸರಿಸಿದರೆ ಸ್ವಲ್ಪ ಸಮಾಧಾನ.

ಎಸಿ: ಇದು ಸುಖಸಾಧನವಲ್ಲ

2023ರಲ್ಲಿ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ತಾಪಕ್ಕೆ ಸಂಬಂಧಿಸಿ 645 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸತ್ತದ್ದು ಹೊರಗೆ. ಆದರೆ ಮನೆಯೊಳಗೆ ಸತ್ತವರ ವಿವರ ನಮ್ಮಂಥವರು ಗಮನಿಸಬೇಕಾದದ್ದು. ಅವರಲ್ಲಿ ಬಹುಪಾಲು ಜನರ ಮನೆಯಲ್ಲಿ ಎಸಿ ಇತ್ತು, ಅದು ಕೆಲಸ ಮಾಡುತ್ತಿರಲಿಲ್ಲ. ಊರಿನಲ್ಲಿ ಕರೆಂಟು ಹೋಗುವುದನ್ನು ನಾವು ಹೇಗೆ ಸಹಜವೆಂದು ಸಹಿಸುತ್ತೇವೋ ಹಾಗೆ ಇಲ್ಲಿ ಕೆಟ್ಟ ಎಸಿಯನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ.

ಎಸಿ ಕೆಡುವ ಮುನ್ನ ಮಾಡಬೇಕಾದ ಕೆಲಸ ಏಪ್ರಿಲ್‌ನಲ್ಲಿಯೇ ಆಗಬೇಕು, ಏಕೆಂದರೆ ಜುಲೈನಲ್ಲಿ ರಿಪೇರಿಯವರು ಸಿಗುವುದೇ ಕಷ್ಟ. ಮನೆಯಲ್ಲಿ ನೀವೇ ಮಾಡಬಹುದಾದದ್ದರಲ್ಲಿ ಮುಖ್ಯವಾದುದು ಫಿಲ್ಟರ್. ಚಾವಣಿಯಲ್ಲೋ ನಡುಮನೆಯ ಗೋಡೆಯಲ್ಲೋ ಇರುವ ದೊಡ್ಡ ಜಾಲರಿಯ ಎರಡು ಕೊಂಡಿಗಳನ್ನು ತಿರುಗಿಸಿದರೆ ಅದು ಬಾಗಿಲಿನಂತೆ ಕೆಳಗೆ ಬರುತ್ತದೆ. ಒಳಗಿರುವ ರಟ್ಟಿನ ಚೌಕಟ್ಟಿನ ಅಂಚಿನಲ್ಲಿ 20x20x1 ಅಥವಾ 16x25x1 ಎಂಬಂತೆ ಅಳತೆ ಮುದ್ರಿಸಿರುತ್ತದೆ. ಅದೇ ಅಳತೆಯದನ್ನು ತಂದು, ಅಂಚಿನ ಮೇಲಿನ ಬಾಣದ ಗುರುತು ಒಳಮುಖವಾಗಿ, ಅಂದರೆ ಗಾಳಿ ಯಂತ್ರದ ಕಡೆಗೆ ಹೋಗುವ ದಿಕ್ಕಿಗೆ, ಇರುವಂತೆ ಕೂರಿಸಬೇಕು. ಒಂದು ಇಂಚಿನ ಫಿಲ್ಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬದಲಿಸುವುದು ಕ್ಷೇಮ. ಮುಂಗಾರಿನ ಧೂಳುಬಿರುಗಾಳಿ ಬಂದ ಮರುದಿನ ತೆಗೆದು ನೋಡಿದರೆ ಬಿಳಿಯದು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಅತಿ ಸೂಕ್ಷ್ಮವಾದ ದುಬಾರಿ ಫಿಲ್ಟರ್ ಒಳ್ಳೆಯದೆಂದು ತಿಳಿಯಬೇಡಿ. ಹಳೆಯ ಯಂತ್ರಗಳು ಅದರ ಮೂಲಕ ಗಾಳಿಯನ್ನು ಎಳೆದುಕೊಳ್ಳಲಾರವು. ಗಾಳಿ ಸಾಲದೆ ಒಳಗಿನ ಕಾಯಿಲ್ (ಗಾಳಿಯನ್ನು ತಣಿಸುವ ಕೊಳವೆಸುರುಳಿ) ಮೇಲೆ ಮಂಜು ಕಟ್ಟಿದರೆ, ಕೂಲಿಂಗ್ ನಿಲ್ಲಿಸಿ ಫ್ಯಾನನ್ನು ಮಾತ್ರ ಓಡಿಸಿ ಕರಗಲು ಬಿಡಬೇಕು. ಕರಗಿದ ಮೇಲೂ ಮತ್ತೆ ಕಟ್ಟಿದರೆ ತಿಳಿದವರನ್ನು ಕರೆಸಬೇಕು.

ಜಾಲರಿಯಲ್ಲಿ ಒಳಹೋಗುವ ಗಾಳಿಗೂ ಕೋಣೆಯ ಕಿಂಡಿಯಿಂದ ಹೊರಬರುವ ಗಾಳಿಗೂ ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರಬೇಕು. ಅಡುಗೆಮನೆಯ ಥರ್ಮಾಮೀಟರ್ ಹಿಡಿದು ತಿಂಗಳಿಗೊಮ್ಮೆ ಅಳೆದರೆ, ಯಂತ್ರ ಸೋಲುತ್ತಿರುವುದು ಅದು ನಿಲ್ಲುವ ಮೊದಲೇ ಗೊತ್ತಾಗುತ್ತದೆ. ಹೊರಗಿನ ಯಂತ್ರ ಗುಂಯ್‌ಗುಟ್ಟುತ್ತಿದ್ದರೂ ಅದರ ಫ್ಯಾನ್ ತಿರುಗದಿದ್ದರೆ ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್. ಅದು ಅಗ್ಗದ ಬಿಡಿಭಾಗವಾದರೂ ವಿದ್ಯುತ್ ಕಡಿದ ಮೇಲೂ ಆಘಾತ ಕೊಡಬಲ್ಲದು, ಆದ್ದರಿಂದ ಸ್ವತಃ ಕೈಹಾಕಬೇಡಿ. ಪೂರ್ತಿ ಯಂತ್ರವನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳುವವರೆಗೆ ಸಹಿ ಹಾಕಲೂ ಬೇಡಿ.

ಥರ್ಮೋಸ್ಟಾಟ್ ವಿಷಯದಲ್ಲಿ ಎರಡೇ ಮಾತು. 65ಕ್ಕೆ ಇಳಿಸಿದ ಮಾತ್ರಕ್ಕೆ ಮನೆ ಬೇಗ ತಣ್ಣಗಾಗುವುದಿಲ್ಲ, ಯಂತ್ರ ಹೆಚ್ಚು ಹೊತ್ತು ಓಡುತ್ತದೆ ಅಷ್ಟೇ. 78 ಡಿಗ್ರಿಗೆ ಇಟ್ಟು, ಅಪ್ರದಕ್ಷಿಣವಾಗಿ ತಿರುಗುವ ಸೀಲಿಂಗ್ ಫ್ಯಾನಿನ ಕೆಳಗೆ ಕುಳಿತರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಫ್ಯಾನ್ ತಣಿಸುವುದು ಮೈಯನ್ನೇ ಹೊರತು ಕೋಣೆಯನ್ನಲ್ಲವಾದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಅದನ್ನು ಆರಿಸಬೇಕು.

ಸ್ವಾಂಪ್ ಕೂಲರ್ ಇರುವ ಹಳೆಯ ಮನೆಗಳು

ಹಳೆಯ ಬಡಾವಣೆಗಳ ಕೆಲವು ಮನೆಗಳ ಚಾವಣಿಯ ಮೇಲೆ ಎಸಿಯ ಬದಲು, ಅಥವಾ ಅದರ ಜೊತೆಗೆ, ದೊಡ್ಡ ಪೆಟ್ಟಿಗೆಯಂಥ ಕೂಲರ್ ಇರುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುವ ನಮ್ಮ ಪದ್ಧತಿಯ ತತ್ತ್ವವೇ ಇದಕ್ಕೂ: ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುತ್ತದೆ. ಮೇ ಮತ್ತು ಜೂನ್‌ನ ಒಣ ಹವೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ವಿದ್ಯುತ್ತೂ ಕಡಿಮೆ ಸಾಕು. ಆದರೆ ಅದು ಓಡುವಾಗ ಹಳೆಯ ಗಾಳಿ ಹೊರಹೋಗಲು ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಮೇಲೆ ಹೇಳಿದ ನಿಯಮಕ್ಕೆ ಇದೊಂದೇ ಅಪವಾದ. ಇಲ್ಲಿನ ಮುಂಗಾರಿನ ಅವಧಿಯೆಂದು ಹವಾಮಾನ ಇಲಾಖೆ ಗುರುತಿಸುವುದು ಜೂನ್ 15ರಿಂದ ಸೆಪ್ಟೆಂಬರ್ 30. ಜುಲೈನಲ್ಲಿ ತೇವ ಏರಿದ ಮೇಲೆ ಕೂಲರ್ ಕೇವಲ ಜಿಗುಟು ಗಾಳಿ ಬೀಸುತ್ತದೆ. ಎಸಿಯನ್ನೂ ಕೂಲರನ್ನೂ ಒಟ್ಟಿಗೆ ಓಡಿಸಬಾರದು, ಎಸಿ ಮನೆಯಲ್ಲಿ ಒದ್ದೆ ಬಟ್ಟೆ ತೂಗುಹಾಕಲೂಬಾರದು, ಏಕೆಂದರೆ ಒಂದು ತುಂಬಿದ ತೇವವನ್ನು ಇನ್ನೊಂದು ತೆಗೆಯುತ್ತ ಕೂರುತ್ತದೆ.

ವಿದ್ಯುತ್ ಬಿಲ್ಲು

ಇಲ್ಲಿ ಮುಖ್ಯವಾಗಿ ಎಪಿಎಸ್ ಮತ್ತು ಎಸ್‌ಆರ್‌ಪಿ ಎಂಬ ಎರಡು ಸಂಸ್ಥೆಗಳು ವಿದ್ಯುತ್ ಪೂರೈಸುತ್ತವೆ. ಯಾವುದೆಂಬುದು ನಿಮ್ಮ ವಿಳಾಸದ ಮೇಲೆ ನಿಂತಿದೆ, ಆಯ್ಕೆ ನಿಮ್ಮದಲ್ಲ. ದರದ ಯೋಜನೆಯನ್ನು ಮಾತ್ರ ಆರಿಸಿಕೊಳ್ಳಬಹುದು. ಹಲವು ಯೋಜನೆಗಳಲ್ಲಿ ವಾರದ ದಿನಗಳ ಸಂಜೆಯ ಕೆಲವು ಗಂಟೆ, ಎಪಿಎಸ್‌ನಲ್ಲಿ 4ರಿಂದ 7, ದರ ಹಲವು ಪಟ್ಟು ಏರುತ್ತದೆ. ಈ ಯೋಜನೆಯಲ್ಲಿರುವವರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮನೆಯನ್ನು 74ರವರೆಗೆ ತಣಿಸಿ, ನಾಲ್ಕಕ್ಕೆ 80ಕ್ಕೆ ಏರಿಸಿ, ಒಗೆಯುವ, ಪಾತ್ರೆ ತೊಳೆಯುವ ಯಂತ್ರಗಳನ್ನು ರಾತ್ರಿಗೆ ಮುಂದೂಡುತ್ತಾರೆ. ಚಿಕ್ಕ ಮಕ್ಕಳು, ವಯಸ್ಸಾದವರು ಹಗಲೆಲ್ಲ ಮನೆಯಲ್ಲಿರುವಾಗ ಈ ಲೆಕ್ಕಾಚಾರಕ್ಕೆ ಹೋಗದೆ ಇಡೀ ದಿನ ಒಂದೇ ದರವಿರುವ ಯೋಜನೆ ಹಿಡಿಯುವುದು ಮೇಲು. ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಬಾಕಿಯ ಕಾರಣಕ್ಕೆ ಎಪಿಎಸ್ ಮನೆಗಳ ವಿದ್ಯುತ್ ಕಡಿಯುವುದಿಲ್ಲ; ಬಾಕಿ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಅಡುಗೆಮನೆ ಮತ್ತು ನಲ್ಲಿ

ಒಲೆ ಹೊತ್ತಿಸಿದಷ್ಟು ಹೊತ್ತೂ ಎಸಿ ಅದರ ವಿರುದ್ಧ ದುಡಿಯಬೇಕು. ಇಡ್ಲಿ, ಬೇಳೆ, ಪಲ್ಯಗಳನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಸಂಜೆಗೆ ಮೊಸರನ್ನ, ಕೋಸಂಬರಿ, ಮಜ್ಜಿಗೆಯಿಂದ ಸುಧಾರಿಸಿಕೊಳ್ಳುವ ಮನೆಗಳಲ್ಲಿ ಸೆಕೆಯೂ ಕಡಿಮೆ, ಬಿಲ್ಲೂ ಕಡಿಮೆ. ಕರಿಯುವುದಿದ್ದರೆ ಹಿತ್ತಲಿನ ಪ್ಯಾಟಿಯೋದಲ್ಲಿ ಒಂಟಿ ಒಲೆ ಇಟ್ಟುಕೊಳ್ಳಬಹುದು. ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ನಿಜವಾಗಿ ಹೊರಗೆ ಹಾಕುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಅದು ಸೋಸಿದ ಬಿಸಿಗಾಳಿಯನ್ನು ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತದೆ. ದೋಸೆ ಹಿಟ್ಟು ರಾತ್ರಿಯಿಡೀ ಹೊರಗಿದ್ದರೆ ಹುಳಿಯೇರಿ ಉಕ್ಕುತ್ತದೆ, ಐದಾರು ಗಂಟೆ ಕಳೆದೊಡನೆ ಫ್ರಿಜ್‌ಗೆ ಸೇರಿಸಿ. ಊರಿನಿಂದ ತಂದ ಔಷಧಿಗಳನ್ನು ಗ್ಯಾರೇಜ್‌ನಲ್ಲಿ ಇಡಬಾರದು. ಅಲ್ಲಿನ ಬಿಸಿ ಹೊರಗಿನದಕ್ಕೂ ಹೆಚ್ಚಿರಬಹುದು.

ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು ಬರುವುದನ್ನು ಕಂಡು ಹೊಸಬರು ಗೀಸರ್ ಕೆಟ್ಟಿತೆಂದು ತಿಳಿಯುವುದುಂಟು. ಕಾದ ನೆಲದಲ್ಲಿ ಹುಗಿದ ಕೊಳವೆಯ ನೀರದು. ಹಿತ್ತಲಿನ ಬಿಸಿಲಲ್ಲಿ ಬಿದ್ದ ರಬ್ಬರ್ ಪೈಪಿನ ಮೊದಲ ನೀರಂತೂ ಚರ್ಮ ಸುಡುವಷ್ಟು ಬಿಸಿ, ಮಕ್ಕಳ ಮೇಲೆ ಬೀಳದಂತೆ ಎಚ್ಚರವಿರಲಿ.

ಊರಿನಿಂದ ಬರುವ ತಂದೆತಾಯಿಗಳು

ಸಾಧ್ಯವಿದ್ದರೆ ಅವರನ್ನು ಅಕ್ಟೋಬರ್ ಮತ್ತು ಏಪ್ರಿಲ್ ನಡುವೆ ಕರೆಸಿಕೊಳ್ಳಿ. ಬೇಸಿಗೆಯಲ್ಲೇ ಬಂದರೆ ಅವರು ಮಾಡುವ ಮೊದಲ ಕೆಲಸ, ನೀವು ಕಚೇರಿಗೆ ಹೊರಟೊಡನೆ ಎಸಿ ಆರಿಸುವುದು. ‘ಸುಮ್ಮನೆ ಯಾಕಪ್ಪ ದುಡ್ಡು ದಂಡ’ ಎಂಬುದು ಒಂದು ಕಾರಣ, ಮೊಣಕಾಲಿಗೆ ತಣ್ಣನೆ ಗಾಳಿ ಆಗದಿರುವುದು ಇನ್ನೊಂದು. ಗದರಿ ಫಲವಿಲ್ಲ. ಗಾಳಿ ನೇರವಾಗಿ ಬೀಳದ ಜಾಗದಲ್ಲಿ ಅವರ ಕುರ್ಚಿ ಹಾಕಿ, 80 ಡಿಗ್ರಿಗೆ ಒಪ್ಪಿಸಿ, ಫೋನಿನಿಂದ ನೋಡಬಹುದಾದ ಥರ್ಮೋಸ್ಟಾಟ್ ಇದ್ದರೆ ಮಧ್ಯಾಹ್ನ ಒಮ್ಮೆ ನೋಡಿಕೊಳ್ಳಿ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ; ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಂಡೇ ಬರಲಿ. ಮಾತು ತೊದಲಿ, ಗಲಿಬಿಲಿಗೊಂಡು, ಮೈ ಸುಡುತ್ತಿದ್ದರೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕುತ್ತಿರಬೇಕು.

ಎಸಿ ನಿಂತ ದಿನ

ಬಾಡಿಗೆ ಮನೆಯಾದರೆ ಮಾಲೀಕರಿಗೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ, ಒಳಗಿನ ತಾಪಮಾನದ ಫೋಟೋ ಜೊತೆಗಿಡಿ. ಫೀನಿಕ್ಸ್ ನಗರದ ನಿಯಮದಂತೆ ಬಾಡಿಗೆ ಮನೆಯನ್ನು ಎಸಿ ಇದ್ದರೆ 82 ಡಿಗ್ರಿ, ಕೂಲರ್ ಇದ್ದರೆ 86 ಡಿಗ್ರಿ ಮೀರದಂತೆ ತಣಿಸಲು ಅದು ಶಕ್ತವಾಗಿರಬೇಕು. ತಂಪಾಗಿಸುವ ವ್ಯವಸ್ಥೆ ಅರಿಜೋನಾದ ಬಾಡಿಗೆ ಕಾನೂನಿನಲ್ಲಿ ಅವಶ್ಯಕ ಸೇವೆಗಳ ಸಾಲಿನಲ್ಲಿದ್ದು, ಲಿಖಿತ ನೋಟಿಸ್ ಇಲ್ಲದೆ ಅದರ ರಕ್ಷಣೆ ದೊರೆಯುವುದಿಲ್ಲ. ಸಿಟ್ಟಿನಲ್ಲಿ ಬಾಡಿಗೆ ತಡೆಹಿಡಿಯುವುದು ಮಾತ್ರ ಅಪಾಯ. ಅದರಿಂದ ನೀವೇ ತಪ್ಪಿತಸ್ಥರಾಗಬಹುದು.

ಕಾಗದಪತ್ರ ನಡೆಯುತ್ತಿರಲಿ, ನೀವು ಮನೆಯಲ್ಲಿ ಕಾಯುತ್ತ ಕೂರಬೇಡಿ. ಒಳಗೆ 95 ಮೀರಿದ ಮೇಲೆ ಫ್ಯಾನ್ ಬೀಸುವುದು ಬಿಸಿಗಾಳಿಯನ್ನೇ. ಹಗಲಿಗೆ ಗ್ರಂಥಾಲಯ, ರಾತ್ರಿಗೆ ಸ್ನೇಹಿತರ ಮನೆ ಅಥವಾ ಹೋಟೆಲ್ ನೋಡಿಕೊಳ್ಳಬೇಕು. 211ಕ್ಕೆ ಕರೆ ಮಾಡಿದರೆ ಹತ್ತಿರದ ತಂಪು ಕೇಂದ್ರಗಳ ವಿವರ ಸಿಗುತ್ತದೆ. ಸಂಕೋಚಪಡದೆ ಇಲ್ಲಿನ ಕನ್ನಡ ಸಂಘದ ಸದಸ್ಯರಿಗೂ ತಿಳಿಸಿ. ಜುಲೈನಲ್ಲಿ ಒಂದೆರಡು ರಾತ್ರಿ ಇನ್ನೊಬ್ಬರ ಮನೆಯಲ್ಲಿ ಮಲಗಿದ್ದು ಇಲ್ಲಿ ನೆಲೆಸಿದ ಹಳಬರಿಗೆ ಹೊಸತೇನಲ್ಲ.

ರಜೆಗೆ ಊರಿಗೆ ಹೋಗುವಾಗ

ಶಾಲೆಗೆ ರಜೆ ಸಿಗುವ ಜೂನ್, ಜುಲೈನಲ್ಲೇ ಹೆಚ್ಚಿನವರು ಊರಿಗೆ ಹೊರಡುವುದು. ಖಾಲಿ ಮನೆಗೆ ಏಕೆಂದು ಎಸಿ ಪೂರ್ತಿ ಆರಿಸಿ ಹೋಗಬೇಡಿ. ತಿಂಗಳುಗಟ್ಟಲೆ ಕಾದ ಮನೆಯಲ್ಲಿ ಮರದ ಬೀರು ಬಿರಿಯುತ್ತದೆ, ಅಂಟು ಬಿಡುತ್ತದೆ, ಫ್ರಿಜ್ ಸೋಲುತ್ತದೆ. 85ಕ್ಕೆ ಇಟ್ಟು, ಹೊಸ ಫಿಲ್ಟರ್ ಹಾಕಿ, ಪರದೆಗಳನ್ನೆಲ್ಲ ಮುಚ್ಚಿ, ನೀರಿನ ಮುಖ್ಯ ವಾಲ್ವ್ ತಿರುಗಿಸಿ ನಿಲ್ಲಿಸಿ ಹೊರಡಿ. ತೋಟಕ್ಕೆ ನೀರು ಅದೇ ವಾಲ್ವ್‌ನಿಂದ ಹೋಗುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ತುಳಸಿ ಕುಂಡವನ್ನು ಮತ್ತು ಮನೆಯ ಒಂದು ಕೀಲಿಯನ್ನು ಪರಿಚಯದವರ ಕೈಗೆ ಒಪ್ಪಿಸಿ, ವಾರಕ್ಕೊಮ್ಮೆ ಒಳಗೆ ಹೋಗಿ ಕಿಂಡಿಯಲ್ಲಿ ತಣ್ಣನೆ ಗಾಳಿ ಬರುತ್ತಿದೆಯೇ ಎಂದು ನೋಡಲು ಹೇಳಿ. ಕೆಟ್ಟಿದ್ದರೆ ಯಾರಿಗೆ ಕರೆ ಮಾಡಬೇಕೆಂಬ ಸಂಖ್ಯೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗಿ.