ದೊಂಬಿ ಎದ್ದಾಗ ಠಾಣೆ ಏನು ಮಾಡಬೇಕು, ಬೀದಿಯವರು ಏನು ಮಾಡಬೇಕು

ರಾಜಕೀಯ ದೊಂಬಿ ಇದ್ದಕ್ಕಿದ್ದಂತೆ ಭುಗಿಲೇಳುವುದು ಅಪರೂಪ. ಅದಕ್ಕೂ ಮುಂಚೆ ಒಂದು ಪೋಸ್ಟ್, ಒಂದು ದೂರು, ಠಾಣೆ ಎದುರು ಕಾದು ನಿಂತ ಜನ ಇದ್ದೇ ಇರುತ್ತಾರೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಆದದ್ದೂ ಹೀಗೆಯೇ. ಶಾಸಕರೊಬ್ಬರ ಸಂಬಂಧಿಯ ಫೇಸ್‌ಬುಕ್ ಪೋಸ್ಟ್ ವಿರುದ್ಧ ಕ್ರಮ ಕೇಳಿ ಸೇರಿದ ಜನ ಗುಂಪಾಗಿ ಬೆಳೆದರು. ಶಾಸಕರ ಮನೆಗೂ ಪೊಲೀಸ್ ವಾಹನಗಳಿಗೂ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ ಜೀವಗಳು ಹೋದವು. ಯಾರು ಮಾಡಿದರೆಂದು ಗೊತ್ತಾಗದು ಎಂಬ ಧೈರ್ಯದ ಮೇಲೆಯೇ ದೊಂಬಿ ನಡೆಯುತ್ತದೆ. ಆ ಧೈರ್ಯವನ್ನು ಮೊದಲ ಗಂಟೆಯಿಂದಲೇ ಮುರಿಯಬೇಕು.

1. ಗುಂಪು ಸೇರುವ ಮುನ್ನ

ದೂರು ಬಂದೊಡನೆ ಠಾಣಾಧಿಕಾರಿ ಅದನ್ನು ಬರಹಕ್ಕಿಳಿಸಬೇಕು. ಅಪರಾಧ ಪ್ರಕರಣಗಳ ನಡಾವಳಿ ಹೇಳುವ, ಹಿಂದಿನ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನ ಪ್ರಕಾರ ಎಫ್‌ಐಆರ್ ಪ್ರತಿ ಉಚಿತ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಬಹುದು. ದ್ವೇಷದ ಪೋಸ್ಟ್‌ಗಳು ಹೆಚ್ಚಾಗಿ ಈ ಸಾಲಿಗೇ ಬರುತ್ತವೆ. ಹಾಗೆ ಮಾಡುವುದಾದರೆ ಹೊರಗೆ ನಿಂತವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ‘ನೋಡ್ತೀವಿ, ನಾಳೆ ಬನ್ನಿ’ ಎಂದು ಕಳಿಸಿದರೆ ವದಂತಿ ಹುಟ್ಟಲು ಅಷ್ಟೇ ಸಾಕು.

ಮೆರವಣಿಗೆಗೆ ಅನುಮತಿ ಕೊಡುವಾಗ ಮಾರ್ಗ, ಮುಗಿಯುವ ಸಮಯ, ಸಂಘಟಕರ ಹೆಸರು ಮತ್ತು ಮೊಬೈಲ್ ಸಂಖ್ಯೆ ಕಡತದಲ್ಲಿರಲಿ. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ನಿಷೇಧಾಜ್ಞೆ (ಹಿಂದಿನ ಸಿಆರ್‌ಪಿಸಿಯ 144, ಈಗ ಬಿಎನ್‌ಎಸ್‌ಎಸ್‌ನ 163ನೇ ಕಲಮು) ಹೊರಡಿಸುವಾಗ ಕಾರಣ ಬರೆಯದಿದ್ದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ ನಿಷೇಧಾಜ್ಞೆ 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಎದುರು ಬಿದ್ದುಹೋದದ್ದು ಈ ಕಾರಣಕ್ಕೇ.

2. ಗುಂಪು ಸೇರಿದ ಮೇಲೆ

ಚದುರಲು ಆದೇಶಿಸುವ ಅಧಿಕಾರ ಬಿಎನ್‌ಎಸ್‌ಎಸ್‌ನ 148ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ಠಾಣಾಧಿಕಾರಿಗೂ ಇದೆ. ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ಆದೇಶಿಸಬಹುದು. ಎಚ್ಚರಿಕೆಯನ್ನು ಆ ಬೀದಿಯವರ ಭಾಷೆಯಲ್ಲಿ, ಕನ್ನಡವೋ ಉರ್ದುವೋ ತಮಿಳೋ, ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೊಡಿ. ಕೊಟ್ಟದ್ದು ವಿಡಿಯೊದಲ್ಲಿ ದಾಖಲಾಗಲಿ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಬೀದಿಯ ಎರಡೂ ತುದಿಗೆ ಬ್ಯಾರಿಕೇಡ್ ಹಾಕಿ ಲಾಠಿ ಬೀಸುವುದು. ಮನೆಗೆ ಹೋಗಲು ದಾರಿಯಿಲ್ಲದವನು ಕಲ್ಲಿಗೆ ಕೈ ಹಾಕುತ್ತಾನೆ. ಒಂದು ಕಡೆ ಅಗಲವಾದ ದಾರಿ ಬಿಟ್ಟೇ ಮುಂದುವರಿಯಬೇಕು.

ಗೋಲಿಬಾರ್ ಕೊನೆಯದು. ಅದರಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ, ತನಿಖೆ ಸಿಐಡಿ ಅಥವಾ ಬೇರೆ ಠಾಣೆಗೆ ಹೋಗಬೇಕು. ಸುಪ್ರೀಂ ಕೋರ್ಟಿನ 2014ರ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ.

3. ನೀವು ಅಲ್ಲಿ ಸಿಕ್ಕಿಕೊಂಡರೆ

112ಕ್ಕೆ ಕರೆ ಮಾಡಿ ನಾಲ್ಕು ವಿಷಯ ಹೇಳಿ: ಹತ್ತಿರದ ಗುರುತು, ಗುಂಪು ಯಾವ ಕಡೆ ಹೋಗುತ್ತಿದೆ, ಕೈಯಲ್ಲಿ ಏನಿದೆ, ಗಾಯಗೊಂಡವರು ಎಷ್ಟು. ಗುಂಪಿಗೆ ಎದುರಾಗಿ ನಡೆಯಬೇಡಿ, ಓರೆಯಾಗಿ ಅಂಚಿಗೆ ಸರಿದು ಅಡ್ಡರಸ್ತೆ ಹಿಡಿಯಿರಿ. ಅಶ್ರುವಾಯು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಎತ್ತರಕ್ಕೆ, ಗಾಳಿ ಬೀಸಿ ಬರುವ ದಿಕ್ಕಿಗೆ ಹೋಗಿ. ಕಣ್ಣು ಉಜ್ಜದೆ 10–15 ನಿಮಿಷ ಬರಿ ನೀರಿನಲ್ಲಿ ತೊಳೆಯಿರಿ. ಸುಟ್ಟ ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ, ಟೂತ್‌ಪೇಸ್ಟ್ ಹಚ್ಚಬೇಡಿ.

ಡಿ.ಜೆ. ಹಳ್ಳಿಯಲ್ಲಿ ಆ ರಾತ್ರಿ ಮುಸ್ಲಿಂ ಯುವಕರು ದೇವಸ್ಥಾನವೊಂದರ ಸುತ್ತ ಕೈ ಕೈ ಹಿಡಿದು ನಿಂತು ಅದನ್ನು ಕಾದರು. ಸ್ಥಳೀಯರಿಂದ ಆಗುವ ಅತಿ ದೊಡ್ಡ ಕೆಲಸ ಇದು. ಆದರೆ ಹತ್ತಾರು ಜನ ಸೇರಿ, ಗುಂಪಿನವರಿಗೆ ಮುಖಪರಿಚಯ ಇರುವವರು ಮುಂದೆ ನಿಂತರೆ ಮಾತ್ರ ಫಲ ಕೊಡುತ್ತದೆ. ಒಬ್ಬರೇ ಅಡ್ಡ ನಿಲ್ಲುವ ಸಾಹಸ ಬೇಡ.

4. ಸಾಕ್ಷ್ಯ ಹಿಡಿದಿಡುವುದು

ಹೆಚ್ಚಿನ ಪ್ರಕರಣಗಳು ಬಿದ್ದುಹೋಗುವುದು ಇಲ್ಲಿ. ಅಂಗಡಿಯ ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ) ಡಿಸ್ಕ್ ತುಂಬಿದೊಡನೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಆದ್ದರಿಂದ ಮರುದಿನವೇ ಹೀಗೆ ಮಾಡಿ. ಡಿವಿಆರ್ ಪರದೆಯ ಗಡಿಯಾರ ಮತ್ತು ನಿಮ್ಮ ಮೊಬೈಲಿನ ಸಮಯ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ. ಏಳು ನಿಮಿಷದ ವ್ಯತ್ಯಾಸವಿದ್ದರೂ ಪಾಟೀಸವಾಲಿನಲ್ಲಿ ಅದನ್ನೇ ಎತ್ತುತ್ತಾರೆ. ಘಟನೆಗೆ ಮುಂಚಿನ ಒಂದು ಗಂಟೆಯನ್ನೂ ಸೇರಿಸಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವ ಮುಂಚಿನ ದೃಶ್ಯ ಸಿಗುವುದು ಆಗಲೇ. ಪೊಲೀಸರು ಡಿವಿಆರ್ ಒಯ್ದರೆ ಮಹಜರಿನಲ್ಲಿ ಅದರ ಸೀರಿಯಲ್ ಸಂಖ್ಯೆ ಇದೆಯೇ ನೋಡಿ.

ಮೊಬೈಲ್ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಅದು ಕುಗ್ಗುತ್ತದೆ, ಯಾವಾಗ ತೆಗೆದದ್ದೆಂಬ ಮಾಹಿತಿಯೂ ಹೋಗುತ್ತದೆ. ಮೂಲ ಕಡತ ಫೋನಿನಲ್ಲೇ ಇರಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಂಥ ಕಡತವನ್ನು ನ್ಯಾಯಾಲಯಕ್ಕೆ ಕೊಡುವಾಗ ಬೇಕು. ಒಂದು ಭಾಗಕ್ಕೆ ಕಡತ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರದು, ಜೊತೆಗೆ ಕಡತದ ಹ್ಯಾಶ್ ಸಂಖ್ಯೆ (ಕಡತ ತಿದ್ದಿದರೆ ಬದಲಾಗುವ, ಅದರ ಬೆರಳಚ್ಚಿನಂಥ ಗುರುತು).

5. ಬಂಧನ

ಭಾರತೀಯ ನ್ಯಾಯ ಸಂಹಿತೆಯಲ್ಲಿ ಐವರು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟಕ್ಕೆ 189, ಸಮಾನ ಉದ್ದೇಶಕ್ಕೆ (ಕೂಟದ ಒಬ್ಬ ಆ ಉದ್ದೇಶಕ್ಕಾಗಿ ಮಾಡಿದ ಅಪರಾಧಕ್ಕೆ ಉಳಿದವರೂ ಹೊಣೆ) 190, ದೊಂಬಿಗೆ 191ನೇ ಕಲಮು. ಈ 190ರ ನೆಪದಲ್ಲಿ ಓಣಿಯ ಹುಡುಗರನ್ನೆಲ್ಲ ರಾತ್ರೋರಾತ್ರಿ ಎತ್ತಿಕೊಂಡು ಹೋಗುವುದು ಅನ್ಯಾಯ, ತನಿಖೆಗೂ ನಷ್ಟ. ಯಾರನ್ನೂ ಬಿಡದೆ ಹಿಡಿದರೆ ನ್ಯಾಯಾಲಯದಲ್ಲಿ ಯಾರ ಮೇಲಿನ ಆರೋಪವೂ ನಿಲ್ಲುವುದಿಲ್ಲ, ಬೆಂಕಿ ಇಟ್ಟವನೂ ಅವರ ಜೊತೆಗೇ ಪಾರಾಗುತ್ತಾನೆ. ಒಬ್ಬೊಬ್ಬ ಆರೋಪಿಗೂ ಎಲ್ಲಿ ನಿಂತಿದ್ದ, ಏನು ಮಾಡಿದ, ಯಾರು ನೋಡಿದರು ಎಂದು ಬೇರೆಬೇರೆ ಬರೆಯಬೇಕು. ಬಂಧಿತರ ಮನೆಯವರಿಗೆ ತಿಳಿಸುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಕಡ್ಡಾಯ. ಬೆದರಿಕೆ ಇರುವ ಸಾಕ್ಷಿಗಳು 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು.

6. ನಷ್ಟ ಪರಿಹಾರ

2020ರ ಗಲಭೆಯ ನಂತರ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಕ್ಲೇಮ್ ಕಮಿಷನರ್ (ಹಾನಿಯ ಅಂದಾಜು ಮಾಡುವವರು) ಆಗಿ ನೇಮಿಸಿತ್ತು. ಅಂಥ ಕಡೆ ಎಫ್‌ಐಆರ್ ಪ್ರತಿ, ಫೋಟೊ, ಖರೀದಿ ಬಿಲ್ಲು, ದುರಸ್ತಿ ಅಂದಾಜು ಕೊಡಬೇಕಾಗುತ್ತದೆ. ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಗಲಭೆಯ ಹಾನಿಗೆ ಏನೂ ಸಿಗದು, ಸಮಗ್ರ ವಿಮೆ ಇರಬೇಕು. ವಿಮಾ ಕಂಪನಿಗೆ ತಕ್ಷಣ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಗಾಡಿಯನ್ನು ಗುಜರಿಗೆ ಹಾಕಬೇಡಿ, ಅಂಗಡಿಯ ಬೂದಿಯನ್ನೂ ಗುಡಿಸಬೇಡಿ.