ಮಿಡಿ ತಿಂದವರು ಅಂಗಡಿಯ ಲಿಂಕ್ ಹಾಕಬೇಕಾದರೆ

'ಅಕ್ಕಾ, ಮಿಡಿ ಕಚ್ಚಿದ್ರೆ ಕಟಕ್ ಅಂತು. ಅಜ್ಜಿ ಮನೆ ಭರಣಿ ನೆನಪಾಯ್ತು.'

ಬೆಂಗಳೂರಿನ ಗಿರಾಕಿಯೊಬ್ಬರು ವಾಟ್ಸಾಪ್‌ನಲ್ಲಿ ಹೀಗೆ ಬರೆದಿದ್ದರು. ನಾನು ಕೈಮುಗಿಯುವ ಚಿತ್ರ ಎರಡು ಹಾಕಿ ಸುಮ್ಮನಾದೆ. ಎಷ್ಟೋ ತಿಂಗಳಾದ ಮೇಲೆ ಗೊತ್ತಾಯಿತು, ಅವರದ್ದೊಂದು ಅಡುಗೆ ಬ್ಲಾಗ್ ಇದೆ, ಅದರಲ್ಲಿ ನಮ್ಮ ಉಪ್ಪಿನಕಾಯಿ ಬಗ್ಗೆ ಎರಡು ಪ್ಯಾರಾ ಬರೆದಿದ್ದಾರೆ. 'ಶಿರಸಿ ಕಡೆಯಿಂದ ತರಿಸಿದ್ದು' ಅಂತಲೂ ಇದೆ. ಲಿಂಕ್ ಮಾತ್ರ ಇಲ್ಲ. ತಪ್ಪು ಅವರದ್ದಲ್ಲ, ನಾನು ಕೇಳಿಯೇ ಇರಲಿಲ್ಲ.

ನಮ್ಮದು ಶಿರಸಿ ಪಕ್ಕದ ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡುತ್ತೇವೆ, ಜೊತೆಗೆ ಜೋನಿ ಬೆಲ್ಲ ಇದೆ. ಎಲ್ಲವನ್ನೂ ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಬೇರೆಯವರ ಪುಟದಲ್ಲಿ ನಮ್ಮ ಲಿಂಕ್ ಇದ್ದರೆ ಗೂಗಲ್ ಅದನ್ನು ಸಾಕ್ಷಿಯ ಹಾಗೆ ನೋಡುತ್ತದೆ, ಹುಡುಕಿದವರಿಗೆ ನಮ್ಮ ಪುಟ ಮೇಲೆ ಕಾಣಲು ಅದು ನೆರವಾಗುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಬೇಕಾದದ್ದು ಇನ್ನೊಂದು. ಹಾಗೆ ಓದಿಕೊಂಡು ಬಂದವರು ಅರ್ಧ ನಂಬಿಯೇ ಬಂದಿರುತ್ತಾರೆ. 'ಎಣ್ಣೆ ಹಾಕಿಲ್ವಲ್ಲ, ಕೆಟ್ಟು ಹೋಗಲ್ವಾ' ಅಂತ ಅವರಿಗೆ ಮೊದಲಿಂದ ಹೇಳಬೇಕಾಗಿಲ್ಲ.

ಮೊದಲ ಕೆಲಸ, ಲಿಂಕ್ ಹಾಕಲು ಜಾಗ ಇರುವವರು ಯಾರು ಅಂತ ಹುಡುಕುವುದು. ನೂರು ಜನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ವಾಟ್ಸಾಪ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಅವರು ಗುಂಪಿನಲ್ಲಿ ಲಿಂಕ್ ಹಂಚಿದರೆ ಆರ್ಡರ್ ಬರುತ್ತದೆ, ಒಳ್ಳೆಯದೇ. ಆದರೆ ನಾಲ್ಕು ದಿನದಲ್ಲಿ ಅದು ಮೇಲೆ ಹೋಗಿ ಮುಳುಗುತ್ತದೆ, ಗೂಗಲ್‌ಗಂತೂ ಕಾಣುವುದೇ ಇಲ್ಲ. ಹಾಗಾಗಿ ಆರ್ಡರ್ ಪಟ್ಟಿಯಲ್ಲಿ ಇಮೇಲ್ ವಿಳಾಸಗಳನ್ನು ನೋಡಿ. @ ಆದ ಮೇಲೆ ಜಿಮೇಲ್ ಬದಲು ಅವರದೇ ಸಂಸ್ಥೆಯ ಇಲ್ಲವೇ ಸ್ವಂತ ಹೆಸರು ಇದ್ದರೆ ಅವರಿಗೆ ವೆಬ್‌ಸೈಟ್ ಇರುವುದು ಹೆಚ್ಚುಕಮ್ಮಿ ಖಚಿತ. ಒಂದು ಮಧ್ಯಾಹ್ನ ಕೂತು ನೋಡಿದಾಗ ನನಗೆ ಒಂದು ಹೋಂಸ್ಟೇ, ಒಬ್ಬರು ಕೇಟರಿಂಗ್‌ನವರು, ಹೊರದೇಶದ ಒಂದು ಕನ್ನಡ ಸಂಘದ ಪದಾಧಿಕಾರಿ ಸಿಕ್ಕರು. ಇನ್ನೊಂದು ದಾರಿ, ನಿಮ್ಮ ಅಂಗಡಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕುವುದು. ಹೆಸರು ಬರೆದು ಲಿಂಕ್ ಮರೆತವರು ಸಿಗುತ್ತಾರೆ. ಅವರನ್ನು ಕೇಳುವುದು ಎಲ್ಲಕ್ಕಿಂತ ಸುಲಭ.

ಕೇಳುವ ಹೊತ್ತು ಮುಖ್ಯ. ಪಾರ್ಸೆಲ್ ತಲುಪಿದ ದಿನವೇ ಕೇಳಬೇಡಿ, ಇನ್ನೂ ಮುಚ್ಚಳವನ್ನೇ ತೆಗೆದಿರುವುದಿಲ್ಲ. ಅವರಾಗಿಯೇ ಹೊಗಳಿದ ದಿನ ಕೇಳಬೇಕು, ಇಲ್ಲವೇ ಎರಡನೇ ಸಲ ಆರ್ಡರ್ ಮಾಡಿದಾಗ. ಎಲ್ಲರಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡಿದರೆ ಮದುವೆ ಕರೆಯೋಲೆ ಪೋಸ್ಟಿನಲ್ಲಿ ಹಾಕಿದ ಹಾಗೆ, ಮನೆಗೆ ಹೋಗಿ ಕರೆದಂತೆ ಆಗುವುದಿಲ್ಲ. ಹೋಂಸ್ಟೇ ನಡೆಸುವವರಿಗೆ ನಾನು ಕಳಿಸಿದ್ದು ಇದು:

'ನಮಸ್ಕಾರ ಮೇಡಂ. ಮತ್ತೆ ತರಿಸಿಕೊಂಡಿರಿ, ಖುಷಿಯಾಯ್ತು. ನಿಮ್ಮ ವೆಬ್‌ಸೈಟ್ ನೋಡಿದೆ. ಊಟದ ಪುಟದಲ್ಲಿ ಬಾಳೆಎಲೆ ಫೋಟೋ ಇದೆ ಅಲ್ವಾ, ಎಡಗಡೆ ತುದಿಗೆ ನಮ್ಮ ಮಿಡಿ ಕಾಣ್ತಿದೆ! ಅದರ ಕೆಳಗೆ ಉಪ್ಪಿನಕಾಯಿ ಎಲ್ಲಿಂದ ಬಂತು ಅಂತ ಒಂದು ಸಾಲು, ಜೊತೆಗೆ ಈ ಲಿಂಕ್ ಹಾಕಬಹುದಾ? ಆಗದಿದ್ರೂ ಬೇಜಾರಿಲ್ಲ.'

ಯಾವ ಪುಟ, ಯಾವ ಜಾಗ, ಯಾವ ಲಿಂಕ್, ಮೂರೂ ಅದರಲ್ಲಿದೆ. ಅವರು ಯೋಚನೆ ಮಾಡಬೇಕಾದ್ದು ಏನೂ ಉಳಿದಿಲ್ಲ. ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಅಷ್ಟೇ. ಮೂರನೇ ಸಲ ಕೇಳಿದರೆ ಲಿಂಕೂ ಇಲ್ಲ, ಗಿರಾಕಿಯೂ ಇಲ್ಲ.

ಇನ್ನು, ಕೊಡುವ ಲಿಂಕ್ ಯಾವುದು? ಬರೀ ದರಪಟ್ಟಿಯ ಪುಟ ಕೊಟ್ಟರೆ ಹಾಕಲು ಅವರಿಗೂ ಮುಜುಗರ, ಜಾಹೀರಾತಿನ ಹಾಗೆ ಕಾಣುತ್ತದೆ. ಓದಲು ಏನಾದರೂ ಇರುವ ಪುಟ ಬೇಕು. ಫೋನಿನಲ್ಲಿ ಪದೇ ಪದೇ ಬರುತ್ತಿದ್ದ ಪ್ರಶ್ನೆಯನ್ನೇ ನಾನು ಪುಟ ಮಾಡಿದೆ: ನಮ್ಮ ಮಿಡಿಗೆ ಎಣ್ಣೆ ಯಾಕಿಲ್ಲ? ತೊಟ್ಟಿನ ಸಮೇತ ಕೊಯ್ದ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದು, ಅದು ನೀರು ಬಿಟ್ಟು ಸುಕ್ಕಾಗುವುದು, ಆಮೇಲೆ ಸಾಸಿವೆ, ಮೆಣಸಿನ ಮಸಾಲೆ ಸೇರುವುದು, ಸೊನೆಯ ಪರಿಮಳ, ಒದ್ದೆ ಚಮಚ ಯಾಕೆ ಹಾಕಬಾರದು, ಎಲ್ಲ ಫೋಟೋ ಸಮೇತ. ಇನ್ನೊಂದು ಪುಟ ಅಪ್ಪೆಹುಳಿ ಬಗ್ಗೆ, ಅಂದರೆ ಮಾವಿನಕಾಯಿಯ ತೆಳ್ಳನೆಯ ಹುಳಿ ಸಾರು. (ಅದನ್ನು ಕುಡಿದರೆ ಒಳ್ಳೆ ನಿದ್ದೆ ಅಂತ ನಮ್ಮ ಕಡೆ ಮಾತು. ನಾನಂತೂ ಊಟವಾದ ಮೇಲೆ ಲೆಕ್ಕ ಬರೆಯಲು ಕೂರುವುದಿಲ್ಲ.) ಅಡುಗೆ ಬಗ್ಗೆ ಬರೆಯುವವರು ಲಿಂಕ್ ಹಾಕಿದ್ದು ಈ ಎರಡಕ್ಕೇ, ಮಾರುವ ಪುಟಕ್ಕಲ್ಲ.

ದುಡ್ಡು ಕೊಟ್ಟು ಲಿಂಕ್ ತೆಗೆದುಕೊಳ್ಳಬೇಡಿ. ನೂರಾರು ಲಿಂಕ್ ಹಾಕಿಸಿಕೊಡ್ತೇವೆ ಅಂತ ನನಗೂ ಫೋನ್ ಬಂದಿತ್ತು. ರ‍್ಯಾಂಕ್ ಏರಿಸಲು ಲಿಂಕ್ ಕೊಳ್ಳುವುದನ್ನು ಗೂಗಲ್ ಸ್ಪ್ಯಾಮ್ ಅಂತಲೇ ಎಣಿಸುತ್ತದೆ. ಲಿಂಕ್ ಹಾಕಲಿ ಅಂತ ಪುಕ್ಕಟೆ ಬಾಟಲಿ ಕಳಿಸುವುದೂ ಅದೇ ಲೆಕ್ಕ. ಹಾಗೆ ಕಳಿಸಿದ್ದೇ ಆದರೆ ಲಿಂಕ್‌ನ ಕೋಡ್‌ನಲ್ಲಿ 'ಸ್ಪಾನ್ಸರ್ಡ್' ಎಂಬ ಗುರುತು ಹಾಕಲು ಹೇಳಿ. 2019ರಲ್ಲಿ ಗೂಗಲ್ ಇದಕ್ಕೆಂದೇ ತಂದ ಗುರುತು ಅದು. ಪುಕ್ಕಟೆ ಬಂದದ್ದು ಅಂತ ಓದುಗರಿಗೂ ಕಾಣುವ ಹಾಗೆ ಬರೆಯಬೇಕು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೋಷಿಯಲ್ ಮೀಡಿಯಾದವರಿಗೆ ಹೇಳಿದ್ದೂ ಇದನ್ನೇ. ಇಷ್ಟೆಲ್ಲ ರಗಳೆ ಯಾಕೆ ಅಂತ ನಾನು ಆ ದಾರಿಯನ್ನೇ ಬಿಟ್ಟೆ.

ನಾನೇ ಮಾಡಿಕೊಂಡ ಒಂದು ಎಡವಟ್ಟು ಹೇಳುತ್ತೇನೆ. ಒಂದು ವರ್ಷ ಮಿಡಿ ಖಾಲಿಯಾಯಿತು ಅಂತ ಅದನ್ನು ಮಾರುವ ಪುಟವನ್ನೇ ಅಳಿಸಿದೆ. ಮುಂದಿನ ಬೇಸಿಗೆಗೆ ಹೊಸ ಮಿಡಿ, ಹೊಸ ಪುಟ, ಹೊಸ ವಿಳಾಸ. ಕೇಟರಿಂಗ್‌ನವರು ಪ್ರೀತಿಯಿಂದ ಹಾಕಿದ್ದ ಲಿಂಕ್ ಒತ್ತಿದರೆ 404, ಅಂದರೆ ಪುಟವೇ ಇಲ್ಲ! ಅವರೇ ಫೋನ್ ಮಾಡಿ 'ಅಂಗಡಿ ಮುಚ್ಚಿಬಿಟ್ರಾ' ಅಂತ ಕೇಳಿದರು. ಮಾಲು ಮುಗಿದರೆ ಪುಟ ಅಲ್ಲೇ ಇರಲಿ, 'ಮುಂದಿನ ಬೇಸಿಗೆಗೆ' ಅಂತ ಬರೆದರೆ ಸಾಕು. ವಿಳಾಸ ಬದಲಿಸಲೇಬೇಕಾದರೆ ಹಳೆಯದನ್ನು ಒತ್ತಿದವರು ತಾವಾಗಿಯೇ ಹೊಸದಕ್ಕೆ ಹೋಗುವ ಹಾಗೆ 301 ರೀಡೈರೆಕ್ಟ್ ಹಾಕಿಸಿ, ವೆಬ್‌ಸೈಟ್ ಮಾಡಿಕೊಟ್ಟವರಿಗೆ ಅದು ಐದು ನಿಮಿಷದ ಕೆಲಸ. ಯಾರು ಯಾವ ಪುಟಕ್ಕೆ ಲಿಂಕ್ ಕೊಟ್ಟಿದ್ದಾರೆ ಅನ್ನುವುದು ವೆಬ್‌ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದ 'ಲಿಂಕ್ಸ್' ವಿಭಾಗದಲ್ಲಿ ಪುಕ್ಕಟೆ ಸಿಗುತ್ತದೆ. ತಿಂಗಳಿಗೊಮ್ಮೆ ನೋಡುತ್ತೇನೆ. ಹೊಸಬರು ಕಂಡರೆ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತೇನೆ.

ಆ ಬೆಂಗಳೂರಿನ ಗಿರಾಕಿಗೂ ತಡವಾಗಿಯಾದರೂ ಬರೆದೆ. ಹತ್ತು ನಿಮಿಷದಲ್ಲಿ ಲಿಂಕ್ ಬಿತ್ತು. 'ನಿಮಗೆ ವೆಬ್‌ಸೈಟ್ ಇದೆಯಾ ಅಕ್ಕಾ? ನನ್ನ ತಂಗಿ ನಂಬರ್ ಕೊಟ್ಟಿದ್ಳು, ಫೋನಲ್ಲೇ ಮಾರ್ತೀರಿ ಅಂದ್ಕೊಂಡಿದ್ದೆ' ಅಂದರು. ಮಾರನೇ ದಿನವೇ ಬಾಟಲಿಯ ಚೀಟಿ ಬದಲಿಸಿದೆ. ಈಗ ಫೋನ್ ನಂಬರ್ ಕೆಳಗೆ ಸಣ್ಣದಾಗಿ, ವೆಬ್‌ಸೈಟ್ ವಿಳಾಸ ಮೇಲೆ ದೊಡ್ಡದಾಗಿ ಇದೆ.