ಊರಿಗೆ ಹೋದ ದೋಸೆ ಮಾಸ್ಟರ್ ವಾಪಸ್ ಬರಬೇಕೆಂದರೆ: ನನ್ನ ಅನುಭವ

ವಾರಕ್ಕೊಂದು ರಜೆ ಕೊಟ್ಟರೆ ದರ್ಶಿನಿ ನಡೆಯಲ್ಲ ಅಂದವರು ಬಹಳ ಜನ. ಈಗ ಅವರೇ ಬಂದು ನಮ್ಮ ರಜೆ ಚಾರ್ಟಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೂರು ವರ್ಷದಿಂದ ನಮ್ಮ ದೋಸೆ ಕಲ್ಲಿನ ಮುಂದೆ ಆಳು ಬದಲಾಗಿಲ್ಲ.

ಮೊದಲು ಅಡ್ವಾನ್ಸ್ ಕೊಟ್ಟು ಹಿಡಿದಿಟ್ಟುಕೊಳ್ಳುವ ದಾರಿ ಹಿಡಿದಿದ್ದೆ. ತಲೆಗೆ ಇಪ್ಪತ್ತು, ಮೂವತ್ತು ಸಾವಿರ. ಸುಮಾರು 70,000 ಮುಳುಗಿತು. ಓಡಿಹೋಗದವರೂ ಮುಖ ಗಂಟಿಕ್ಕಿಕೊಂಡೇ ದುಡಿದರು. ಸಾಲ ತೀರುವ ತನಕ ಬಿಡಲ್ಲ ಅಂದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಅಡಿಗೇ ಬರುತ್ತದೆ, ನೆನಪಿರಲಿ. ಈಗ ಅರ್ಧ ಸಂಬಳಕ್ಕಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಮೂರು ಕಂತಿನಲ್ಲಿ ಮುರಿದುಕೊಳ್ಳುತ್ತೇನೆ, ಲೆಕ್ಕದ ಚೀಟಿ ಅವರ ಕೈಯಲ್ಲೂ ಒಂದು.

ಪೂರ್ತಿ ಹಾಜರಿಗೆ ಸಾವಿರ ರೂಪಾಯಿ ಬೋನಸ್ ಇಟ್ಟದ್ದೂ ಕೆಟ್ಟಿತು. ಜ್ವರ ಬಂದವರೂ ಕೆಮ್ಮುತ್ತಾ ಚಟ್ನಿ ರುಬ್ಬಲು ಬಂದರು. ಎರಡೇ ತಿಂಗಳಿಗೆ ನಿಲ್ಲಿಸಿದೆ.

ಕೈ ಹಿಡಿದದ್ದು ರಿಲೀವರ್ ಲೆಕ್ಕ, ಅಂದರೆ ರಜೆಯವರ ಜಾಗಕ್ಕೆ ನಿಲ್ಲುವ ಬದಲಿ ಆಳು. ನಮ್ಮಲ್ಲಿ 12 ಜಾಗ, ಅಂದರೆ ವಾರಕ್ಕೆ 12 ರಜೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಇಬ್ಬರಿಗೆ ರಜೆ, ಅವರ ಜಾಗಕ್ಕೆ ಇಬ್ಬರು ರಿಲೀವರ್. ಭಾನುವಾರ ರಿಲೀವರ್‌ಗಳಿಗೆ ರಜೆ, ಉಳಿದವರೆಲ್ಲ ಕೆಲಸದಲ್ಲಿ. ನೂಕುನುಗ್ಗಲಿನ ದಿನ ಹಳಬರೇ ಇರುತ್ತಾರೆ. ರಿಲೀವರ್‌ಗಳಿಬ್ಬರಲ್ಲಿ ಒಬ್ಬನಿಗೆ ದೋಸೆ ಕಲ್ಲು, ವಡೆ ಬಾಣಲೆ ಎರಡೂ ಬರಲೇಬೇಕು. ಇನ್ನೊಬ್ಬ ಸಪ್ಲೈಗೂ ಸೈ, ಕ್ಲೀನಿಂಗಿಗೂ ಸೈ. ಇಬ್ಬರೂ ಸಪ್ಲೈಯವರೇ ಆದರೆ ಮಾಸ್ಟರ್‌ಗೆ ರಜೆ ಸಿಗುವುದಿಲ್ಲ, ಮೊದಲು ಹೋಗುವವನು ಅವನೇ.

ಈ ಇಬ್ಬರ ಖರ್ಚು ತಿಂಗಳಿಗೆ 36,000 ಹತ್ತಿರ, ಊಟ ಬೇರೆ. ಆರು ತಿಂಗಳು ಕೈ ಕಚ್ಚಿತು. ಆದರೆ ಹಿಂದೆ ವರ್ಷಕ್ಕೆ ಎಂಟೊಂಬತ್ತು ಜನ ಬದಲಾಗುತ್ತಿದ್ದರು. ಏಜೆಂಟ್ ಕಮಿಷನ್, ಹೊಸ ಕೈ ಹಾಳು ಮಾಡುವ ಹಿಟ್ಟು, ರುಚಿ ಬದಲಾಯಿತೆಂದು ತಪ್ಪಿದ ಗಿರಾಕಿ, ಎಲ್ಲ ಸೇರಿದರೆ ಇದಕ್ಕಿಂತ ಕಮ್ಮಿ ಇರಲಿಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಹತ್ತು ಅಥವಾ ಹೆಚ್ಚು ಜನ ಇದ್ದರೆ ಕಡ್ಡಾಯ: ಸಂಬಳದಲ್ಲಿ ನಮ್ಮದು 3.25%, ಅವರದು 0.75%. ಬರೀ ಕಟ್ಟಿದರೆ ಸಾಲದು. ಕಾರ್ಡ್ ಕೈಗೆ ಕೊಡಿ, ಹೆಂಡತಿ ಮಕ್ಕಳ ಹೆಸರು ಸೇರಿಸಿ, ಯಾವ ಡಿಸ್ಪೆನ್ಸರಿ ಎಂದು ತೋರಿಸಿ. ಮುರಿದುಕೊಂಡ ದುಡ್ಡು ಎಲ್ಲಿ ಹೋಯಿತು ಅನ್ನುವ ಗೊಣಗಾಟ ಅಲ್ಲಿಗೆ ನಿಲ್ಲುತ್ತದೆ.

ನಡುವೆ ಇನ್ನೊಂದು ಪ್ರಯೋಗ. ಕಲ್ಲಿನ ಮುಂದೆ ನಿಲ್ಲುವಲ್ಲಿ ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ಮಂಡಿ ನೋವಿನ ಮಾತು ಅರ್ಧಕ್ಕರ್ಧ ಇಳಿಯಿತು. ತೂತಿಲ್ಲದ ಮ್ಯಾಟ್ ತರಬೇಡಿ, ನೀರು ನಿಂತು ಜಾರುತ್ತದೆ. ಟಿಪ್ಸ್ ಡಬ್ಬಿಯನ್ನು ಹುದ್ದೆ ನೋಡಿ ಹಂಚಿದಾಗ ಜಗಳ. ದುಡಿದ ದಿನದ ಲೆಕ್ಕಕ್ಕೆ ಹಂಚಿದ ಮೇಲೆ ಲೋಟ ತೊಳೆಯುವವರೂ ಸುಮ್ಮನಾದರು. 

ಯುಗಾದಿಗೆ ಊರಿಗೆ ಕಳಿಸುವುದು ಎರಡು ತಂಡದಲ್ಲಿ, ಒಂದು ವಾಪಸ್ ಬಂದ ಮೇಲೆ ಇನ್ನೊಂದು. ಮೊದಲು ಹತ್ತು ದಿನದ ಸಂಬಳ ಹಿಡಿದಿಟ್ಟು ಕಳಿಸುತ್ತಿದ್ದೆ. ಆ ದುಡ್ಡು ಹೋದರೆ ಹೋಗಲಿ ಎಂದು ಊರಲ್ಲೇ ಉಳಿದರು. ಈಗ ಹೊರಡುವ ದಿನದವರೆಗಿನ ಸಂಬಳ ಪೂರ್ತಿ ಚುಕ್ತಾ, ವಾಪಸ್ ಬರುವ ಬಸ್ ಟಿಕೆಟ್ ಹೋಟೆಲ್ ಲೆಕ್ಕದಲ್ಲಿ, ತಾರೀಕು ಅವರೇ ಹೇಳಿದ್ದು.